ಗ್ರಹಣಕ್ಕೆ ಮುಚ್ಚಿದ ಬಾಗಿಲು, ಬೀಡಿಗೆ ತೆರೆದ ಮನೆ

2022ರ ಅಕ್ಟೋಬರ್ 25ರಂದು, ದೀಪಾವಳಿ ಅಮಾವಾಸ್ಯೆಯ ಸಂಜೆ ಸೂರ್ಯಗ್ರಹಣ ಹಿಡಿದಾಗ, ಆಳಂದ ತಾಲ್ಲೂಕಿನ ನಮ್ಮ ಮನೆಯಲ್ಲಿ ಏಳು ವಾರದ ಗರ್ಭಿಣಿಯಾಗಿದ್ದ ತಮ್ಮನ ಹೆಂಡತಿಯನ್ನು ಒಳಕೋಣೆಯಲ್ಲಿ ಕೂಡಿಸಿ ಕಿಟಕಿಗೆ ಚಾದರ ಕಟ್ಟಿದ್ದರು. ಆಕೆ ಈಳಿಗೆ, ಕತ್ತರಿ ಮುಟ್ಟಿದರೆ ಮಗುವಿನ ತುಟಿ ಸೀಳುತ್ತದೆಂಬುದು ಅವ್ವನ ಭಯ. ಬಾಗಿಲಿನ ಈಚೆ, ಪಡಸಾಲೆಯ ಹೊರಸಿನ ಮೇಲೆ ಕುಳಿತ ಮುತ್ಯಾ ಒಂದಾದ ಮೇಲೊಂದು ಬೀಡಿ ಸೇದುತ್ತಿದ್ದರು. ಹೊಗೆ ಬಾಗಿಲ ಸಂದಿಯಿಂದ ಒಳಗೆ ಹೋಗುತ್ತಿತ್ತು. ಅದಕ್ಕೆ ಯಾರೂ ಚಾದರ ಕಟ್ಟಲಿಲ್ಲ.

ಮಗುವಿನ ಮೇಲ್ದುಟಿ ಕೂಡಿಕೊಳ್ಳುವುದು ಗರ್ಭದ 4ರಿಂದ 7ನೆಯ ವಾರದೊಳಗೆ, ಬಾಯಿಯೊಳಗಿನ ಮೇಲ್ಭಾಗವಾದ ಅಂಗಳ ಕೂಡಿಕೊಳ್ಳುವುದು 6ರಿಂದ 9ನೆಯ ವಾರದೊಳಗೆ. ಎಷ್ಟೋ ಹೆಂಗಸರ ಕೈಗೆ ತಾಯಿ ಕಾರ್ಡ್ ಬರುವ ಮೊದಲೇ ಈ ಕೆಲಸ ಮುಗಿದಿರುತ್ತದೆ. ಈ ಆರಂಭದ ವಾರಗಳಲ್ಲಿ ತಾಯಿ ಧೂಮಪಾನ ಮಾಡುವುದು ಸೀಳು ತುಟಿ, ಸೀಳು ಅಂಗಳಕ್ಕೆ ಕಾರಣವಾಗುತ್ತದೆಂದು ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ 2014ರ ವರದಿಯಲ್ಲಿ ನೇರವಾಗಿಯೇ ಹೇಳಿದ್ದಾರೆ. ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು, ಕೂಸಿಗೆ ಸೇರಬೇಕಾದ ಉಸಿರನ್ನೇ ಕಡಿಮೆ ಮಾಡುತ್ತದೆ. ಧೂಮಪಾನಿ ತಾಯಂದಿರ ಮಕ್ಕಳು ಸರಾಸರಿ ಸುಮಾರು 200 ಗ್ರಾಂ ಕಡಿಮೆ ತೂಗುತ್ತವೆ. ಪಕ್ಕದವರು ಬಿಟ್ಟ ಹೊಗೆಯೂ ನಿರಪಾಯವಲ್ಲ.

ಆದರೂ ಸೀಳು ತುಟಿಯ ಕೂಸನ್ನು ಕಂಡಕೂಡಲೇ ತಾಯಿಯನ್ನು ದೂರುವುದು ಅನ್ಯಾಯ. ವಂಶವಾಹಿಗಳೂ ಸೇರಿದಂತೆ ಕಾರಣಗಳು ಹಲವಿವೆ. ತಂಬಾಕನ್ನೇ ಮುಟ್ಟದವರಿಗೂ ಇಂಥ ಮಗು ಹುಟ್ಟುತ್ತದೆ. ಶಸ್ತ್ರಚಿಕಿತ್ಸೆಯಿಂದ ಅದನ್ನು ಸರಿಪಡಿಸಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅದು ಉಚಿತ.

ನಮ್ಮ ಕಡೆ ಹೆಂಗಸರು ಸೇದುವುದು ಅಪರೂಪ. ಆದ್ದರಿಂದ ಇದು ತಮಗೆ ಸಂಬಂಧಿಸಿದ ಮಾತಲ್ಲವೆಂದು ಅವರು ತಿಳಿಯುತ್ತಾರೆ. ಆದರೆ ಮುಂಜಾನೆ ಹಲ್ಲಿಗೆ ತಿಕ್ಕುವ ಮಿಶ್ರಿಯೂ ಹುರಿದ ತಂಬಾಕೇ. ಹೊಗೆಯಿಲ್ಲದ ತಂಬಾಕಿನಿಂದಲೂ ಮಗುವಿನ ತೂಕ ಇಳಿಯುತ್ತದೆ, ಅವಧಿಗೆ ಮುನ್ನ ಹೆರಿಗೆಯಾಗುವ ಮತ್ತು ಹೊಟ್ಟೆಯಲ್ಲೇ ಕೂಸು ಸಾಯುವ ಸಂಭವ ಹೆಚ್ಚುತ್ತದೆ.

ಮುತ್ಯಾನಿಗೆ ಇದನ್ನೆಲ್ಲ ಹೇಳಿದಾಗ, "ಆಕಿ ಒಳಗ ಅದಾಳ, ನಾ ಹೊರಗ ಅದೀನಿ, ಏನಾಗ್ತದ?" ಎಂದರು. ವಾದ ಗೆಲ್ಲಲಾಗದೆ, ತಮ್ಮನೇ ಒಂದು ದಿನ ಅವರ ಹೊರಸನ್ನು ಎತ್ತಿ ಅಂಗಳದಾಚೆ ಬೇವಿನ ಗಿಡದ ಕೆಳಗೆ ಹಾಕಿದ. ಮರುವರ್ಷ ಮಿರಗದ ಹೊತ್ತಿಗೆ ಮಗಳು ಹುಟ್ಟಿದಳು, ಸುಖವಾಗಿದ್ದಾಳೆ. ಗ್ರಹಣದ ದಿನದ ಎಚ್ಚರಿಕೆಯೇ ಇದಕ್ಕೆ ಕಾರಣವೆಂದು ಅವ್ವ ಇಂದಿಗೂ ನಂಬಿದ್ದಾಳೆ. ಆಕೆಯ ಮಿಶ್ರಿ ಡಬ್ಬಿ ಮೊದಲಿನಂತೆಯೇ ಬಚ್ಚಲ ಗೂಡಿನಲ್ಲಿದೆ.