ಕೀಲುವಾತದ ಇಂಜೆಕ್ಷನ್‌ಗೆ ಟಿಬಿ ಟೆಸ್ಟ್ ಯಾಕೆ?

ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುವಾತಕ್ಕೆ ಅಡಾಲಿಮುಮ್ಯಾಬ್ ಇಂಜೆಕ್ಷನ್ ಬರೆದುಕೊಟ್ಟಾಗ ಮನೆಯವರು ತಪ್ಪದೆ ಕೇಳುವ ಪ್ರಶ್ನೆ: "ನೋವಿರೋದು ಬೆರಳ ಗಂಟಲ್ಲಿ, ಎದೆಯ ಎಕ್ಸ್‌ರೇ ಯಾಕೆ?"

ಟಿಎನ್‌ಎಫ್ ಎಂಬ ಪ್ರೋಟೀನ್ ಎರಡೂ ಕಡೆ ಇದೆ, ಅದಕ್ಕೆ. ರೋಗನಿರೋಧಕ ಕಣಗಳು ಪರಸ್ಪರ ಸುದ್ದಿ ಮುಟ್ಟಿಸಲು ಬಿಡುವ ಸೈಟೊಕೈನ್‌ಗಳಲ್ಲಿ ಇದೂ ಒಂದು. ಸೋಂಕಾದ ಜಾಗದಲ್ಲಿ ಇದು ರಕ್ತನಾಳದ ಒಳಗೋಡೆಯನ್ನು ಅಂಟಂಟಾಗಿಸುತ್ತದೆ. ಬಿಳಿರಕ್ತಕಣಗಳು ಅಲ್ಲೇ ಇಳಿಯುತ್ತವೆ. ಸೋಂಕು ಹೋದ ಮೇಲೆ ಈ ಕರೆ ನಿಲ್ಲಬೇಕು. ಕೀಲುವಾತದಲ್ಲಿ ನಿಲ್ಲುವುದಿಲ್ಲ. ಕೀಲಿನ ಒಳಪೊರೆಯಲ್ಲಿ ಟಿಎನ್‌ಎಫ್ ತನ್ನ ಜೊತೆಗೆ ಐಎಲ್-1, ಐಎಲ್-6 ಎಂಬ ಬೇರೆ ಸೈಟೊಕೈನ್‌ಗಳನ್ನೂ ಎಬ್ಬಿಸುತ್ತದೆ. ಪೊರೆ ದಪ್ಪಗಾಗಿ ಮೃದ್ವಸ್ಥಿಯ ಮೇಲೆ ಹಬ್ಬುತ್ತದೆ, ಮೂಳೆ ಕರಗಿಸುವ ಕಣಗಳು ಹೆಚ್ಚುತ್ತವೆ. ಐಎಲ್-6 ಯಕೃತ್ತಿನಿಂದ ಸಿಆರ್‌ಪಿ ಎಂಬ, ಉರಿಯೂತವನ್ನು ತೋರಿಸುವ ಪ್ರೋಟೀನ್ ತಯಾರಿಸುವಂತೆ ಮಾಡುತ್ತದೆ. ರಕ್ತಪರೀಕ್ಷೆಯ ರಿಪೋರ್ಟ್‌ನಲ್ಲಿ ಏರಿ ಕಾಣುವುದು ಅದೇ. (ರೋಗನಿರೋಧಕ ವ್ಯವಸ್ಥೆ ಹೀಗೆ ಅತಿಯಾಗಿ ಕೆಲಸ ಮಾಡುತ್ತಿರುವವರಿಗೇ 'ಇಮ್ಯುನಿಟಿ ಹೆಚ್ಚಿಸುವ' ಪುಡಿ ಮಾರುವವರನ್ನು ಕಂಡರೆ ನಗು ಬರುತ್ತದೆ.)

ಇಷ್ಟೊಂದು ಸೈಟೊಕೈನ್‌ಗಳಿರುವಾಗ ಒಂದನ್ನು ತಡೆದು ಏನು ಪ್ರಯೋಜನ ಎಂಬ ಅನುಮಾನ ಹಿಂದೆ ಬಲವಾಗಿತ್ತು. 1992ರಲ್ಲಿ ಲಂಡನ್ನಿನಲ್ಲಿ ಸಂಶೋಧಕರಾದ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಟಿಎನ್‌ಎಫ್ ತಡೆಯುವ ಪ್ರತಿಕಾಯವನ್ನು (ಆಂಟಿಬಾಡಿ) ರೋಗಿಗಳಿಗೆ ಕೊಟ್ಟು ನೋಡಿದರು. ಊತವೂ ಇಳಿಯಿತು, ಸಿಆರ್‌ಪಿಯೂ ಇಳಿಯಿತು. ಅಡಾಲಿಮುಮ್ಯಾಬ್ ಕೂಡ ಟಿಎನ್‌ಎಫ್ ತಡೆಯುವ ಇಂಥದೇ ಪ್ರತಿಕಾಯ.

ಈಗ ಟಿಬಿಗೆ ಬರೋಣ. ನಮ್ಮಲ್ಲಿ ಎಷ್ಟೋ ಜನರ ದೇಹದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಕಾಯಿಲೆ ಮಾಡದೆ ಮಲಗಿರುತ್ತದೆ. ಅದರ ಸುತ್ತ ಕಣಗಳು ಗ್ರಾನ್ಯುಲೋಮ ಎಂಬ ಗೋಡೆ ಕಟ್ಟಿರುತ್ತವೆ. ಆ ಗೋಡೆಯ ಗಾರೆ ಟಿಎನ್‌ಎಫ್. ಔಷಧಿ ಕೀಲಿನ ಬೆಂಕಿ ಆರಿಸುತ್ತಲೇ ಈ ಗಾರೆಯನ್ನೂ ಸಡಿಲಿಸುತ್ತದೆ.

ಹಾಗಾಗಿ ಮೊದಲು ಎಕ್ಸ್‌ರೇ, ಜೊತೆಗೆ ಟಿಬಿ ಸೋಂಕು ಪತ್ತೆಗೆ ಮಾಂಟೂ ಎಂಬ ಚರ್ಮದ ಪರೀಕ್ಷೆ ಅಥವಾ ಇಗ್ರಾ ರಕ್ತಪರೀಕ್ಷೆ. ಈ ಇಂಜೆಕ್ಷನ್ ಪಡೆಯಲಿರುವವರಲ್ಲಿ ಮಾಂಟೂ ಗಂಟು 5 ಮಿಮೀ ಬಂದರೂ ಪಾಸಿಟಿವ್ ಎಂದೇ ಲೆಕ್ಕ. ಟಿಬಿ ತಡೆಗೆ ಹಾಕುವ ಬಿಸಿಜಿ ಲಸಿಕೆ ಮಾಂಟೂವನ್ನು ಗಲಿಬಿಲಿ ಮಾಡಬಹುದು, ಇಗ್ರಾವನ್ನು ಮಾಡುವುದಿಲ್ಲ. ಸ್ಟಿರಾಯ್ಡ್ ನುಂಗುತ್ತಿದ್ದರೆ ಎರಡೂ ಸುಳ್ಳು ನೆಗೆಟಿವ್ ತೋರಿಸಬಹುದು. ಮಲಗಿರುವ ಸೋಂಕು ಕಂಡರೆ ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 300 ಮಿಗ್ರಾಂ ಐಸೋನಿಯಾಜಿಡ್ ಎಂಬ ಟಿಬಿ ಔಷಧಿ, ನರಗಳ ರಕ್ಷಣೆಗೆ ಪಿರಿಡಾಕ್ಸಿನ್ (ವಿಟಮಿನ್ ಬಿ6), ಆರು ತಿಂಗಳು ಅಥವಾ ಹೆಚ್ಚು. ಇದು ಶುರುವಾಗಿ ಕನಿಷ್ಠ ಒಂದು ತಿಂಗಳಾದ ಮೇಲೆ ಇಂಜೆಕ್ಷನ್. ಸಕ್ರಿಯ ಟಿಬಿ ಇದ್ದರೆ ಪೂರ್ಣ ಚಿಕಿತ್ಸೆ ಮೊದಲು.

ಇಂಜೆಕ್ಷನ್ 14 ದಿನಕ್ಕೊಮ್ಮೆ 40 ಮಿಗ್ರಾಂ. ಫ್ರಿಜ್‌ನಲ್ಲಿ 2–8 ಡಿಗ್ರಿಯಲ್ಲಿಡಿ, ಹೆಪ್ಪುಗಟ್ಟಿದರೆ ಎಸೆಯಿರಿ. ನೋವು ಕಡಿಮೆಯಾಯಿತೆಂದು ಜೊತೆಗೆ ಕೊಡುವ ವಾರಕ್ಕೊಮ್ಮೆಯ ಕೀಲುವಾತದ ಔಷಧಿ ಮೆಥೊಟ್ರೆಕ್ಸೇಟ್ ಅನ್ನು ನೀವೇ ನಿಲ್ಲಿಸಬೇಡಿ. ಅದು ನಿಂತರೆ ದೇಹ ಇಂಜೆಕ್ಷನ್ ವಿರುದ್ಧವೇ ಪ್ರತಿಕಾಯ ಮಾಡುವ ಸಂಭವ ಹೆಚ್ಚು. ಆಗ ಔಷಧಿ ನಾಟುವುದಿಲ್ಲ.

ಟೆಸ್ಟ್ ನೆಗೆಟಿವ್ ಬಂದಿದ್ದರೂ ಎಚ್ಚರ ಬೇಕು. ಈ ಔಷಧಿಯಲ್ಲಿರುವವರಿಗೆ ಟಿಬಿ ಶ್ವಾಸಕೋಶದ ಹೊರಗೆ ಏಳುವುದು ಹೆಚ್ಚು, ಕೆಮ್ಮೇ ಇರದಿರಬಹುದು. ಬಿಡದ ಜ್ವರ, ತೂಕ ಇಳಿತ, ಕುತ್ತಿಗೆಯಲ್ಲಿ ಗಂಟು ಕಂಡರೆ ಮುಂದಿನ ಡೋಸ್ ಚುಚ್ಚಿಕೊಳ್ಳುವ ಮೊದಲೇ ವೈದ್ಯರಿಗೆ ಫೋನ್ ಮಾಡಿ.