ಬೆರಳ ತುದಿಯ ಬಿಸಿ

ಬಯೋಫೀಡ್‌ಬ್ಯಾಕ್ ಅಂದ್ರೆ ಮೈಗೆ ಕರೆಂಟ್ ಕೊಡ್ತಾರೇನೋ ಅಂತ ಕೆಲವರು ಹೆದರುತ್ತಾರೆ. ಹಾಗೇನಿಲ್ಲ. ನಮ್ಮ ಮೈಯಲ್ಲಿ ಆಗುತ್ತಿರುವುದನ್ನು ಪರದೆ ಮೇಲೆ ನೋಡುತ್ತಾ, ಅದನ್ನು ಹತೋಟಿಗೆ ತರಲು ಕಲಿಯುವ ವಿಧಾನ ಇದು. ಸೆನ್ಸರ್ ಸುಮ್ನೆ ಅಳೆಯುತ್ತದೆ, ಅಷ್ಟೇ. ಎದೆಬಡಿತ, ಬೆವರು, ಹಣೆಯ ಸ್ನಾಯುವಿನ ಬಿಗಿತ, ಎಲ್ಲವೂ ಪರದೆ ಮೇಲೆ ಗೆರೆಯಾಗಿ ಓಡುತ್ತದೆ.

ನನಗೆ ತುಂಬಾ ಹಿಡಿಸಿದ್ದು ಬೆರಳಿಗೆ ಅಂಟಿಸುವ ಪುಟ್ಟ ಥರ್ಮಾಮೀಟರ್. ಟೆನ್ಷನ್ ಆದಾಗ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಕುಗ್ಗಿ ಬೆರಳು ತಣ್ಣಗಾಗುತ್ತದೆ. ನಿಮಿಷಕ್ಕೆ ಸುಮಾರು 6 ಸಲದಂತೆ ನಿಧಾನವಾಗಿ ಉಸಿರಾಡುತ್ತಾ ಕೂತರೆ ಅಂಕಿ ಮೆಲ್ಲಗೆ ಏರತೊಡಗುತ್ತದೆ. ತಮಾಷೆ ಏನಂದ್ರೆ, ಏರಲೇಬೇಕು ಅಂತ ಹಟ ಹಿಡಿದು ಕೂತರೆ ಅದು ಇಳಿಯುತ್ತದೆ! ಆಫೀಸಿನ ಮೇಲ್ ನೆನಪಾದರಂತೂ ಕೇಳಲೇಬೇಡಿ.

ಉಸಿರು ಎಳೆದಾಗ ಎದೆಬಡಿತ ಸ್ವಲ್ಪ ಜೋರು, ಬಿಟ್ಟಾಗ ನಿಧಾನ. ಆ ಏರಿಳಿತವನ್ನೂ ಪರದೆ ಮೇಲೆ ನೋಡಬಹುದು.

ಮೈಗ್ರೇನ್, ಟೆನ್ಷನ್ ತಲೆನೋವಿಗೆ ಇದರಿಂದ ಉಪಯೋಗ ಇದೆ ಅನ್ನುವುದಕ್ಕೆ ಒಳ್ಳೆಯ ಆಧಾರಗಳಿವೆ. ಎಲ್ಲ ಕಾಯಿಲೆಗೂ ಇದೇ ಮದ್ದು ಅನ್ನುವವರನ್ನು ಮಾತ್ರ ನಾನು ನಂಬುವುದಿಲ್ಲ. ಬಿಪಿ ಮಾತ್ರೆ ಬಿಟ್ಟು ಇದನ್ನು ಹಿಡಿಯುವುದಂತೂ ಬೇಡವೇ ಬೇಡ. ಮಿಷನ್ ಇಲ್ಲದಿದ್ದರೂ ಪರವಾಗಿಲ್ಲ. ಭುಜಗಳನ್ನು ಕಿವಿಯ ತನಕ ಎತ್ತಿ, ಬಿಗಿ ಹಿಡಿದು, ಒಮ್ಮೆಲೇ ಸಡಿಲ ಬಿಡುವುದು ಯಾವ ಕುರ್ಚಿಯಲ್ಲಾದರೂ ಆಗುತ್ತದೆ, ಅಲ್ವಾ?