ಮುಳ್ಳೇರಿಯ ಗುಡ್ಡೆಯಲ್ಲಿ 18 ಹೆಡಿಗೆ

"ಚಪ್ಪಲಿ ಹಾಕಿಕೊಂಡು ಬರಬೇಡ, ಗಟ್ಟಿ ಬೂಟು ತಾ. ಗುಡ್ಡೆ ಹತ್ತುವುದು ಉಂಟು" ಅಂತ ಭಾವ ಎರಡು ಸಲ ಫೋನ್ ಮಾಡಿ ಹೇಳಿದ್ದ. ಜನವರಿಯ ಕೊನೆಯ ವಾರ. ಬೆಂಗಳೂರಿನಿಂದ ಕಣ್ಣೂರು ಎಕ್ಸ್‌ಪ್ರೆಸ್ ಹತ್ತಿ, ಬೆಳಗ್ಗೆ ಕಾಸರಗೋಡಿನಲ್ಲಿ ಇಳಿದೆ. ಅಲ್ಲಿಂದ ಬಸ್ಸು. ಚೆರ್ಕಳದಲ್ಲಿ ಅದು ಹೆದ್ದಾರಿ ಬಿಟ್ಟು ಜಾಲ್ಸೂರಿನ ರಸ್ತೆಗೆ ತಿರುಗಿತು. ಬೋವಿಕ್ಕಾನ ದಾಟಿದ ಮೇಲೆ ತಿರುವು ಜಾಸ್ತಿ, ಮರವೂ ಜಾಸ್ತಿ. ಕಿಟಕಿಯಿಂದ ಗೇರು ಹೂವಿನ ವಾಸನೆ ಒಳಗೆ ಬರುತ್ತಿತ್ತು. ಮುಳ್ಳೇರಿಯದಲ್ಲಿ ಇಳಿದಾಗ ಭಾವ ಜೀಪು ತಂದು ಕಾಯುತ್ತಿದ್ದ. ಹಿಂದಿನ ಸೀಟಿನಲ್ಲಿ ಕೋಳಿ ಗೂಡಿನ ಹಾಗೆ ಏನೋ ಮಡಚಿ ಇಟ್ಟಿತ್ತು.

"ಅದೇ ಬುಟ್ಟಿ" ಅಂದ.

ಭಾವ ಕೆಲವು ವರ್ಷ ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಕೆಲಸದಲ್ಲಿದ್ದ. ಪಕ್ಕದ ಮಾರ್ಟನ್ ಊರಿನ ನಾರ್ತ್‌ವುಡ್ ಪಾರ್ಕಿನಲ್ಲಿ ಕಾಡಿನ ನಡುವೆ ಒಂದು ಡಿಸ್ಕ್ ಗಾಲ್ಫ್ ಕೋರ್ಸ್ ಇದೆ. ಅದಕ್ಕೆ ಬ್ಲ್ಯಾಕ್ ಅಂತ ಹೆಸರು. ಉದ್ದವೂ ಹೌದು, ಕಷ್ಟವೂ ಹೌದು. ಅಲ್ಲಿ ಆಡಿ ಆಡಿ ಅವನಿಗೆ ಈ ಆಟ ಮೈಗೆ ಹತ್ತಿದೆ. ಊರಿಗೆ ವಾಪಸ್ ಬಂದು ತೋಟ ನೋಡಿಕೊಳ್ಳಲು ಶುರು ಮಾಡಿದ ಮೇಲೂ ಬಿಡಲಿಲ್ಲ. ಮನೆಯ ಹಿಂದಿನ ಗುಡ್ಡೆಯಲ್ಲಿ ತಾನೇ 18 ಗುರಿ ಇಟ್ಟ. ಅದನ್ನು ಆಡಲೆಂದೇ ನನ್ನ ಈ ಪ್ರವಾಸ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಗಾಲ್ಫೇ, ಆದರೆ ಕೋಲೂ ಇಲ್ಲ, ಚೆಂಡೂ ಇಲ್ಲ. ಕೈಯಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ. ನೆಲದ ಕುಳಿಯ ಜಾಗದಲ್ಲಿ ಕಂಬಕ್ಕೆ ಕೂರಿಸಿದ ಕಬ್ಬಿಣದ ಬುಟ್ಟಿ, ಅದರ ಮೇಲೆ ಸುತ್ತ ಇಳಿಬಿಟ್ಟ ಸರಪಳಿ. ತಟ್ಟೆ ಎಲ್ಲಿ ಬಿತ್ತೋ ಅಲ್ಲಿಂದ ಮುಂದಿನ ಎಸೆತ. ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವರು ಗೆದ್ದ ಹಾಗೆ. ಮಕ್ಕಳು ಆಡುವ ಫ್ರಿಸ್ಬೀಗಿಂತ ಈ ತಟ್ಟೆ ಚಿಕ್ಕದು, ಆದರೆ ಭಾರ. 175 ಗ್ರಾಂ ತೂಗುವುದು ಮಾಮೂಲಿ. ದೂರಕ್ಕೆ ಹೋಗುವ ಡ್ರೈವರ್‌ನ ಅಂಚು ಚೂಪಾಗಿರುತ್ತದೆ. ಹತ್ತಿರದಿಂದ ಹಾಕುವ ಪಟ್ಟರ್‌ನ ಅಂಚು ಮೊಂಡು. ನಡುವಿನ ದೂರಕ್ಕೆ ಮಿಡ್‌ರೇಂಜ್.

ಈ ಸರಪಳಿ ಬುಟ್ಟಿಯನ್ನು ಕೊಟ್ಟದ್ದು ಎಡ್ ಹೆಡ್ರಿಕ್ ಎಂಬ ಅಮೆರಿಕದವರು. ಮೊದಲ ಶಾಶ್ವತ ಕೋರ್ಸ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಬಂತು. ಆಗ ಅಲ್ಲಿ ಇದ್ದದ್ದು ಬರೀ ಕಂಬಗಳು. ತಟ್ಟೆ ಕಂಬಕ್ಕೆ ತಾಗಿತೋ ಇಲ್ಲವೋ ಅನ್ನುವ ಜಗಳ ತಪ್ಪಿಸಿದ್ದೇ ಈ ಸರಪಳಿ. ಭಾವನ ಹತ್ತಿರ ಇರುವುದು ಒಂದೇ ಒಂದು ಸರಪಳಿ ಬುಟ್ಟಿ. ಉಳಿದ 17 ಕಡೆ ಅವನು ಗೂಟ ಹುಗಿದು, ಅಡಿಕೆ ಹೊರುವ ಹಳೆಯ ಹೆಡಿಗೆಗಳನ್ನು ಕಟ್ಟಿದ್ದ. ಸರಪಳಿ ಇಲ್ಲದ ಹೆಡಿಗೆಯಲ್ಲಿ ತಟ್ಟೆ ಪುಟಿದು ಹೊರಗೆ ಬೀಳುತ್ತದೆ. ಹಾಗಾಗಿ ಗೂಟಕ್ಕೆ ತಾಗಿದರೂ ಲೆಕ್ಕ ಅಂತ ಅವನ ನಿಯಮ. ಓಕ್ ಗ್ರೋವ್‌ನ ಕಂಬದ ಕಾಲವೇ ನಮ್ಮ ಗುಡ್ಡೆಗೆ ಬಂದ ಹಾಗಾಯಿತು ಅಲ್ವಾ?

ಮರುದಿನ ಬೆಳಗ್ಗೆ ಏಳಕ್ಕೆ ಹೊರಟೆವು. ನಾನು, ಭಾವ, ಮತ್ತೆ ಮಾವ. ಮಾವನಿಗೆ 68 ವರ್ಷ. ಆಡುವುದಕ್ಕಲ್ಲ, ದಾರಿ ತೋರಿಸುವುದಕ್ಕೆ ಬಂದರು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಬೆತ್ತ. "ಸೊಪ್ಪಿನೊಳಗೆ ಕೈ ಹಾಕಬೇಡಿ. ಮೊದಲು ಕೋಲಿನಲ್ಲಿ ತಟ್ಟಿ ನೋಡಿ" ಅಂದರು. ತಟ್ಟೆ ಹುಡುಕುವಾಗ ನಾವು ಹತ್ತಾರು ಸಲ ಹಾಗೆಯೇ ಮಾಡಿದೆವು.

ತೋಟಕ್ಕೆ ಸೊಪ್ಪು ತರುವ ಕುಮ್ಕಿ ಗುಡ್ಡೆ ಇದು. ಕೋರ್ಸಿಗಾಗಿ ಭಾವ ಒಂದು ಮರವನ್ನೂ ಕಡಿದಿಲ್ಲ. ಅಡಿಯ ಪೊದೆ ಸವರಿದ್ದಾನೆ ಅಷ್ಟೆ. ಫೋನಿನ ಮ್ಯಾಪಿನಲ್ಲಿ ಅಳೆದರೆ 18 ಗುರಿಗೆ ಒಟ್ಟು 2,300 ಮೀಟರ್. ಒಂದು ಗುರಿಯಿಂದ ಮುಂದಿನದಕ್ಕೆ ನಡೆಯುವ ದಾರಿ, ಹತ್ತುವ ಇಳಿಯುವ ದಾರಿ ಬೇರೆ.

ಮೊದಲ ನಾಲ್ಕು ಗುರಿ ಗೇರು ಮರಗಳ ನಡುವೆ. ಗೇರಿನ ಕೊಂಬೆ ಮೇಲೆ ಹೋಗುವುದಕ್ಕಿಂತ ಅಡ್ಡ ಹರಡುವುದೇ ಹೆಚ್ಚು, ಕೆಲವು ನೆಲಕ್ಕೇ ತಾಗಿರುತ್ತವೆ. ತಲೆಯ ಎತ್ತರದಲ್ಲಿ ಎಸೆದರೆ ಎಲೆಗೆ ಬಡಿದು ಅಲ್ಲೇ ಬೀಳುತ್ತದೆ. ಮೊಣಕಾಲು ಮಡಚಿ, ಸೊಂಟಕ್ಕಿಂತ ಕೆಳಗಿನಿಂದ, ನೆಲಕ್ಕೆ ಸಮನಾಗಿ ಬಿಡಬೇಕು. ಎರಡನೇ ಗುರಿಯಲ್ಲಿ ನನ್ನ ತಟ್ಟೆ ಕೆಂಪಿರುವೆ ಗೂಡಿನ ಕೆಳಗೇ ಹೋಗಿ ಕೂತಿತು. ಇಂಥ ಕಡೆ ಆಟದ ನಿಯಮ ದಯೆ ತೋರಿಸುತ್ತದೆ. ಕಡಿಯುವ ಹುಳ ಇದ್ದರೆ ಗುರಿಯ ನೇರಕ್ಕೆ ಹಿಂದೆ ಸರಿದು, ದಂಡವಿಲ್ಲದೆ ಎಸೆಯಬಹುದು. ಆದರೆ ಕೊಂಬೆ ಮುರಿಯುವ ಹಾಗಿಲ್ಲ, ಗಿಡ ಬಗ್ಗಿಸಿ ಕಾಲಡಿ ಹಾಕಿಕೊಳ್ಳುವ ಹಾಗಿಲ್ಲ. ಗಿಡಕ್ಕೆ ಆದಷ್ಟು ಕಡಿಮೆ ತಾಗುವ ಹಾಗೆ ನಾವೇ ಮೈ ಬಗ್ಗಿಸಿ ನಿಲ್ಲಬೇಕು. ಇದನ್ನು ಕೇಳಿ ಮಾವನಿಗೆ ಬಹಳ ಸಂತೋಷವಾಯಿತು. "ಹಾಗಾದರೆ ಒಳ್ಳೆಯ ಆಟ" ಅಂದರು.

ಐದನೇ ಗುರಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅದು ಪಕ್ಕದವರ ರಬ್ಬರ್ ತೋಟ. ಕೇಳಿ ಒಪ್ಪಿಗೆ ಪಡೆದಿದ್ದೆವು. "ಬೆಳಗ್ಗೆ ಹಾಲು ಎತ್ತಿ ಆದ ಮೇಲೆ ಬನ್ನಿ" ಅಂತ ಮರ ಗೀರಿ ಹಾಲು ತೆಗೆಯುವ, ಅಂದರೆ ಟ್ಯಾಪಿಂಗ್ ಮಾಡುವ ಚೇಟ (ಮಲಯಾಳದಲ್ಲಿ ಅಣ್ಣ) ಹೇಳಿದ್ದರು. ಅವರೇ ಆ ಸಾಲಿನ ಮರಗಳಿಗೆ, ಹಾಲು ಹಿಡಿಯುವ ಚಿರಟೆ ಮತ್ತು ಗೀರು ಮುಚ್ಚುವ ಹಾಗೆ ಅಡಿಕೆ ಹಾಳೆ ಸುತ್ತಿ ಕಟ್ಟಿಕೊಟ್ಟರು. ತಟ್ಟೆ ಬಡಿದರೂ ತೊಗಟೆಗೆ ಪೆಟ್ಟಾಗಬಾರದು ನೋಡಿ. ಆದರೂ ಭಾವ ಅಲ್ಲಿ ಡ್ರೈವರ್ ಮುಟ್ಟಲು ಬಿಡಲಿಲ್ಲ. ಮೊಂಡು ಅಂಚಿನ ತಟ್ಟೆ ಮಾತ್ರ.

ದೂರದಿಂದ ರಬ್ಬರ್ ತೋಟ ಗೆರೆ ಎಳೆದ ಹಾಗೆ ಕಾಣುತ್ತದೆ. ಇಳಿಜಾರಿನಲ್ಲಿ ಹಾಗಲ್ಲ. ಅಲ್ಲಿ ಮೆಟ್ಟಿಲ ಹಾಗೆ ತಟ್ಟು ಕಡಿದು ನೆಡುತ್ತಾರೆ. ಸಾಲು ಗುಡ್ಡೆಯ ಮೈ ಹಿಡಿದೇ ತಿರುಗುತ್ತದೆ. ನಮ್ಮ ಗುರಿ 110 ಮೀಟರ್ ದೂರದಲ್ಲಿತ್ತು. ಸಾಲು ನಿಧಾನಕ್ಕೆ ಎಡಕ್ಕೆ ಬಾಗಿ, ಹೆಡಿಗೆ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಬಲಗೈಯವರು ಎದೆಯ ಅಡ್ಡದಿಂದ ಕೈ ಬೀಸಿ ಎಸೆದರೆ ತಟ್ಟೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ. ವೇಗ ಇಳಿದ ಹಾಗೆ ಅದು ತಾನಾಗಿಯೇ ಎಡಕ್ಕೆ ವಾಲುತ್ತದೆ. ಅಂದರೆ ಆ ಸಾಲು ತಟ್ಟೆಗೆ ಹೇಳಿ ಮಾಡಿಸಿದ ದಾರಿ. ಕಷ್ಟ ಎಲ್ಲಿ ಅಂದರೆ, ಅದು ವಾಲಲು ಶುರುಮಾಡುವ ಜಾಗ ಮತ್ತು ಸಾಲು ಬಾಗುವ ಜಾಗ ಎರಡೂ ಒಂದೇ ಆಗಬೇಕು. ಜೋರಾಗಿ ಎಸೆದರೆ ಬಲಗಡೆ ಮರಕ್ಕೆ ಟಪ್. ಮೆತ್ತಗೆ ಎಸೆದರೆ ಎಡಗಡೆ ಕೆಳಗಿನ ತಟ್ಟಿಗೆ.

ಮೂರನೇ ಪ್ರಯತ್ನದಲ್ಲಿ ನನಗೆ ಒಂದು ಎಸೆತ ಸಿಕ್ಕಿತು. ಕೈ ಬಿಟ್ಟಾಗಲೇ ಗೊತ್ತಾಯಿತು. ಹದಿನೈದು ಇಪ್ಪತ್ತು ಮರಗಳ ನಡುವೆ, ಎಲ್ಲೂ ತಾಗದೆ, ಮರದ ನೆರಳು ಬೆಳಕು ದಾಟುತ್ತಾ ದಾಟುತ್ತಾ ಆ ಕೇಸರಿ ತಟ್ಟೆ ಬಾಗಿ ಕಣ್ಣಿನಿಂದ ಮರೆಯಾಯಿತು. ಸದ್ದೇ ಇಲ್ಲ. ಆಟದಲ್ಲಿ ನನಗೆ ಬೇಕಾದದ್ದು ಅದೇ. ಬಯಲಿನಲ್ಲಿ ಇದರ ಎರಡರಷ್ಟು ದೂರ ಎಸೆದರೂ ಈ ಖುಷಿ ಬಂದಿರಲಿಲ್ಲ.

ಆಮೇಲೆ ಅದನ್ನು ಹುಡುಕಬೇಕಾಯಿತು. ರಬ್ಬರ್ ಎಲೆ ಉದುರಿಸುವ ಕಾಲ ಇದು. ಒಣಗಿದ ಎಲೆ ಪಾದ ಮುಚ್ಚುವಷ್ಟು ಬಿದ್ದಿತ್ತು. ತಟ್ಟೆ ನೆಲಕ್ಕೆ ಜಾರಿ ಎಲೆಯ ಅಡಿಗೆ ನುಗ್ಗಿದರೆ ಮುಗಿಯಿತು, ಕೇಸರಿ ಬಣ್ಣವಾದರೂ ಕಾಣುವುದಿಲ್ಲ. ನಿಯಮದ ಪ್ರಕಾರ ಹುಡುಕಲು 3 ನಿಮಿಷ. ಸಿಗದಿದ್ದರೆ ಒಂದು ಎಸೆತ ದಂಡ. ಮಾವ ಬೆತ್ತದಲ್ಲಿ ಎಲೆ ಸರಿಸುತ್ತಾ ಬಂದು, ಹಂದಿ ಕೆದಕಿದ ಗುಂಡಿಯಲ್ಲಿ ಅದನ್ನು ತೋರಿಸಿದರು. "ನಿಮ್ಮ ಹರಿವಾಣ ಇಲ್ಲಿ ಉಂಟು." ಅವರು ಕೊನೆಯವರೆಗೂ ಅದನ್ನು ಹರಿವಾಣ ಅಂತಲೇ ಕರೆದರು. ಈಗ ನನ್ನ ಬಾಯಲ್ಲೂ ಅದೇ.

ಎಂಟನೇ ಗುರಿಯಲ್ಲಿ ಭಾವನ ಡ್ರೈವರ್ ಹೆಬ್ಬಲಸಿನ ಮರದ ಕವಲಿನಲ್ಲಿ ಸಿಕ್ಕಿಕೊಂಡಿತು. ಸುಮಾರು 50 ಅಡಿ ಮೇಲೆ. ಕಲ್ಲು ಹೊಡೆದದ್ದಾಯಿತು, ಉಪಯೋಗವಿಲ್ಲ. ಭಾವ ಕೆಳಗೆ ಓಡಿ ಹೋಗಿ ಕಾರ್ಬನ್ ಫೈಬರ್ ದೋಟಿ ತಂದ. ಅಡಿಕೆ ಕೊಯ್ಯಲು, ಮದ್ದು ಬಿಡಲು ಈಗ ನಮ್ಮ ಕಡೆ ಎಲ್ಲ ಇದೇ. ಒಂದೊಂದೇ ತುಂಡು ಎಳೆದು ಉದ್ದ ಮಾಡಿದರೆ ಕೊನೆ ಆಕಾಶದಲ್ಲಿ ಅಲ್ಲಾಡುತ್ತದೆ. ಅಡಿಕೆ ಗೊನೆ ಕೊಯ್ದು ಪಳಗಿದ ಕೈ. ಎರಡೇ ಸಲಕ್ಕೆ ತಟ್ಟೆ ಕೆಳಗೆ ಬಂತು.

ಒಂಬತ್ತನೇ ಗುರಿ ಸುರಂಗದ ಹತ್ತಿರ. ಕಾಸರಗೋಡಿನ ಈ ಭಾಗ ಗೊತ್ತಿಲ್ಲದವರಿಗೆ ಸುರಂಗ ಅಂದರೆ ರೈಲಿನದ್ದು ನೆನಪಾದೀತು. ಇದು ನೀರಿನದ್ದು. ಕೆಂಪುಕಲ್ಲಿನ ಗುಡ್ಡೆಯ ಬದಿಗೆ, ಬಾವಿಯನ್ನು ಮಲಗಿಸಿದ ಹಾಗೆ, ಒಬ್ಬ ಮನುಷ್ಯ ನಡೆಯುವಷ್ಟು ದಾರಿ ಕೊರೆಯುತ್ತಾರೆ. ಒಳಗೆ ಒರತೆ ಸಿಕ್ಕಿದರೆ ನೀರು ತಾನಾಗಿ ಹೊರಗೆ ಹರಿಯುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ತೋಡುವಾಗ ಮೊಂಬತ್ತಿ ಹಚ್ಚಿಕೊಂಡು ಹೋಗುತ್ತಾರೆ. ಅದು ನಂದಿದರೆ ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಈ ಸುರಂಗವನ್ನು ಮಾವನ ಅಪ್ಪ ತೋಡಿಸಿದ್ದಂತೆ. ಬೇಸಿಗೆಯಲ್ಲೂ ನೀರು ನಿಂತದ್ದಿಲ್ಲ.

ಅದರ ಮುಂದೆ ಮಣ್ಣಿನ ಕಟ್ಟೆಯ ಸಣ್ಣ ಕೆರೆ. ಹೆಡಿಗೆ ಕೆರೆಯ ಆಚೆ ದಡದಲ್ಲಿ. ನೀರಿಗೆ ಬಿದ್ದರೆ ದಂಡ, ಜೊತೆಗೆ ತಟ್ಟೆ ಮುಳುಗುತ್ತದೆ. ನಾವಿಬ್ಬರೂ ಹೆದರಿ ಸುಮ್ನೆ ಬದಿಗೆ ಎಸೆದು, ಸುತ್ತು ಹಾಕಿ ಹೋದೆವು. ಆಮೇಲೆ ಸುರಂಗದ ಬಾಯಲ್ಲಿ ಕೂತು ಬೊಗಸೆಯಲ್ಲಿ ನೀರು ಕುಡಿದೆವು. ಅತ್ತೆ ಕಟ್ಟಿಕೊಟ್ಟ ಅವಲಕ್ಕಿ ತಿಂದೆವು. ಹೆಡ್ರಿಕ್ 2002ರಲ್ಲಿ ತೀರಿಕೊಂಡಾಗ ಅವರ ಆಸೆಯ ಹಾಗೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ನಲ್ಲಿ ಸೇರಿಸಿ ತಟ್ಟೆ ಮಾಡಿದರು ಅಂತ ಭಾವ ಹೇಳಿದ್ದು ಅಲ್ಲಿಯೇ. ಮಾವ ಕೈಯಲ್ಲಿದ್ದ ತಟ್ಟೆಯನ್ನು ತಿರುಗಿಸಿ ನೋಡಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅಲ್ಲಿಂದ ಮೇಲೆ ಹತ್ತಿದರೆ ಪದವು. ಮರವೇ ಇಲ್ಲ. ಒಣಹುಲ್ಲು, ಕೆಂಪುಕಲ್ಲಿನ ಹಾಸು, ನೆತ್ತಿಯ ಮೇಲೆ ಬಿಸಿಲು. ಪಡುವಣದಿಂದ ಗಾಳಿ. ಎದುರು ಗಾಳಿಗೆ ತಟ್ಟೆ ಬಲಕ್ಕೆ ಮಗುಚಿಕೊಳ್ಳುತ್ತದೆ, ಕಲ್ಲಿಗೆ ಬಿದ್ದರೆ ಅಂಚು ಹರಿಯುತ್ತದೆ. ಹತ್ತರಿಂದ ಹನ್ನೆರಡು, ಮೂರು ಗುರಿ ಬೇಗ ಮುಗಿಸಿ ಮತ್ತೆ ಮರಗಳ ಕೆಳಗೆ ಇಳಿದೆವು.

ಹದಿಮೂರನೆಯದು ಬಲಕ್ಕೆ ತಿರುಗುವ ಗುರಿ. ಎರಡು ಮರುವದ ಮರಗಳ ನಡುವೆ ಒಂದು ಮಾರು ಅಗಲದ ಸಂದು. ನಮ್ಮ ತಟ್ಟೆ ಎಡಕ್ಕೇ ವಾಲುವುದು. ಆರು ಸಲ ಎಸೆದೆವು, ಆರೂ ಸಲ ಮರಕ್ಕೆ. ಮಾವ "ಒಂದು ಕೊಡು ಇಲ್ಲಿ" ಅಂದರು. ಪಯಸ್ವಿನಿ ಹೊಳೆಯಲ್ಲಿ ಚಪ್ಪಟೆ ಕಲ್ಲು ಜಾರಿಸುವ ಹಾಗೆ, ಮೊಣಕೈ ಸೊಂಟಕ್ಕೆ ತಾಗಿಸಿ, ಬದಿಯಿಂದ ಚಟ್ಟನೆ ಬಿಟ್ಟರು. ಸಂದಿನೊಳಗೆ ಹೋಯಿತು. ಕೊನೆಗೆ ಬಲಕ್ಕೆ ಬಾಗಿ ಹೆಡಿಗೆಯ ಹತ್ತಿರ ಬಿತ್ತು. ಸುಮಾರು 40 ಮೀಟರ್.

"ಮಾವಾ, ಇದಕ್ಕೆ ಫೋರ್‌ಹ್ಯಾಂಡ್ ಅಂತಾರೆ. ನನಗೆ ಎರಡು ವರ್ಷ ಹಿಡಿಯಿತು" ಅಂದ ಭಾವ.

"ಮೂವತ್ತು ವರ್ಷ ಸೊಪ್ಪು ಹೊತ್ತದ್ದು ಇದೇ ಸಂದಿನಲ್ಲಿ ಮಾರಾಯ. ಎಲ್ಲಿ ಜಾಗ ಉಂಟು ಅಂತ ನನಗೆ ಗೊತ್ತಿಲ್ಲವಾ?" ಅಂದರು ಮಾವ.

ಹದಿನೈದನೇ ಗುರಿಯ ಬಲಗಡೆ ನಾಗಬನ. ಭಾವ ಮೊದಲು ಹಾಕಿದ ನಕ್ಷೆಯಲ್ಲಿ ತಟ್ಟೆ ಬನದ ಮೂಲೆಯ ಮೇಲಿಂದ ಹಾರುತ್ತಿತ್ತು. ಮಾವ ಬೇಡ ಅಂದರಂತೆ. ಅವನು ವಾದ ಮಾಡಲಿಲ್ಲ. ಒಂದು ಕಾಟುಮಾವಿನ ಮರಕ್ಕೆ ಬಿಳಿ ಬಟ್ಟೆ ಕಟ್ಟಿ, ಅದರ ಎಡಗಡೆಯಿಂದಲೇ ಎಸೆಯಬೇಕು ಅಂತ ಮಾಡಿದ. ಆಟದಲ್ಲಿ ಇಂಥ ಕಡ್ಡಾಯ ದಾರಿಗೆ ಮ್ಯಾಂಡೋ ಅಂತಾರೆ. ಇದರಿಂದ ಗುರಿ ಇನ್ನೂ ಕಷ್ಟವಾಯಿತು, ನನ್ನ ಪ್ರಕಾರ ಇನ್ನೂ ಚೆಂದವೂ ಆಯಿತು. ಎಡಕ್ಕೆ ಹೊಂಡ, ಬಲಕ್ಕೆ ಬನ. ನಡುವೆ ಸೊಪ್ಪು ಹೊತ್ತವರು ನಡೆದು ನಡೆದು ಆದ ದಾರಿ.

ಎಚ್ಚರಿಕೆಯಿಂದಲೇ ಎಸೆದೆ. ತಟ್ಟೆ ಮಾವಿನ ಕೊಂಬೆಗೆ ತಾಗಿ, ಬಲಕ್ಕೆ ಚಿಮ್ಮಿ, ಬನದೊಳಗೆ ಹೋಯಿತು. ಆ ಕೇಸರಿಯದೇ. ಎದೆ ಝಲ್ಲೆಂದಿತು. ತಟ್ಟೆ ಹೋದದ್ದಕ್ಕಲ್ಲ. ಹೊರಗಿನಿಂದ ಕಾಣುತ್ತಿತ್ತು, ಬಳ್ಳಿಗಳ ನಡುವೆ, ಒದ್ದೆ ನೆಲದ ಮೇಲೆ. ಬೆವರಿನ ಮೈಯಲ್ಲಿ, ಬೂಟು ಹಾಕಿಕೊಂಡು ಒಳಗೆ ಹೋಗುವ ಮಾತೇ ಇಲ್ಲ. ಕೈ ಮುಗಿದು, ಬೇರೆ ತಟ್ಟೆ ತೆಗೆದುಕೊಂಡು ಆಟ ಮುಂದುವರಿಸಿದೆ. ಮಾವ ಏನೂ ಹೇಳಲಿಲ್ಲ.

ಹದಿನೆಂಟನೆಯದು ಅಂಗಳದ ಬದಿಯಲ್ಲಿ, ಸರಪಳಿ ಬುಟ್ಟಿ. ಒಣಗಲು ಹಾಕಿದ ಅಡಿಕೆಯ ಪಕ್ಕದಲ್ಲೇ. ಆಗ ಗಂಟೆ ಒಂದೂವರೆ. ಆರೂವರೆ ಗಂಟೆ ನಡೆದಿದ್ದೆವು. ಎಂಟು ಮೀಟರ್‌ನಿಂದ ಭಾವ ಹಾಕಿದ ತಟ್ಟೆ ಸರಪಳಿಗೆ ಬಡಿದು ಝಣ್ ಅಂದಿತು. ಅಡುಗೆಮನೆಯಿಂದ ಅತ್ತೆ ಹೊರಗೆ ಬಂದು "ಮುಗಿಯಿತಾ? ಕೈಕಾಲು ತೊಳೆದುಕೊಳ್ಳಿ, ಬಾಳೆ ಹಾಕಿ ಆಯಿತು" ಅಂದರು. ಭಾವನದ್ದು 74 ಎಸೆತ, ನನ್ನದು 91. ಊಟಕ್ಕೆ ಮೊದಲು ಕುಡಿದ ಪುನರ್ಪುಳಿ ಶರಬತ್ತಿನ ಲೆಕ್ಕ ಇಡಲಿಲ್ಲ.

ಮರುದಿನ ಬೆಳಗ್ಗೆ ಬೇಗ ಎದ್ದೆ, ಏಳರ ಬಸ್ಸಿತ್ತು. ಜಗಲಿಯಲ್ಲಿ ಕಾಫಿ ಲೋಟದ ಪಕ್ಕ ಆ ಕೇಸರಿ ತಟ್ಟೆ ಇತ್ತು. ತೊಳೆದು, ಒರೆಸಿ ಇಟ್ಟಿದ್ದರು. ಮಾವನ ತಲೆಕೂದಲು ಇನ್ನೂ ಒದ್ದೆಯಾಗಿತ್ತು, ಹೆಗಲ ಮೇಲೆ ಮಡಿಪಂಚೆ.

"ಮಿಂದು ಹೋಗಿ ತಂದೆ. ಮಳೆಗಾಲ ಮುಗಿದ ಮೇಲೆ ಪುನಃ ಬಾ. ಹದಿಮೂರನೆಯದು ಒಂದು ಬಾಕಿ ಉಂಟಲ್ಲ ನಿನಗೆ" ಅಂದರು.